ತಿರುವಿನಲ್ಲಿ ಹಾರ್ನ್ ಹೊಡೆಯಲಿಲ್ಲ

"ಐದು ನಿಮಿಷದ ಕೆಲಸ ಸಾರ್. ಮೀಟರ್ ಬಿಚ್ಚಿ ಬಲ್ಬ್ ತೆಗೆದುಬಿಡ್ತೀನಿ. ಆಮೇಲೆ ತಲೆನೋವೇ ಇರಲ್ಲ."

ಹಾಸನದ ಒಂದು ಗ್ಯಾರೇಜಿನಲ್ಲಿ ನಮ್ಮ ಭಾವನಿಗೆ ಸಿಕ್ಕ ಸಲಹೆ ಇದು. ಹೋದ ವರ್ಷ ಅವರು ಒಂದು ಸೆಕೆಂಡ್ ಹ್ಯಾಂಡ್ ಏಳು ಸೀಟಿನ ಗಾಡಿ ತಗೊಂಡರು. ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲರೂ ಒಟ್ಟಿಗೆ ಧರ್ಮಸ್ಥಳಕ್ಕೆ ಹೋಗಿಬರಬಹುದು ಅನ್ನುವ ಆಸೆ. ಗಾಡಿ ಚೆನ್ನಾಗಿಯೇ ಇತ್ತು. ಆದರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪ ಆರುತ್ತಲೇ ಇರಲಿಲ್ಲ. ಹೊಟ್ಟೆಯ ಮುಂದೆ ದೊಡ್ಡ ಚೆಂಡು ಇಟ್ಟುಕೊಂಡು ಕೂತ ಮನುಷ್ಯನ ಚಿತ್ರ. ಏರ್‌ಬ್ಯಾಗ್ ದೀಪ ಅದು. ಮಾರಿದವರು "ಸುಮ್ನೆ ಸೆನ್ಸರ್ ಪ್ರಾಬ್ಲಂ, ಓಡಿಸೋಕೇನೂ ತೊಂದರೆ ಇಲ್ಲ" ಅಂದಿದ್ದರಂತೆ.

ಅಕ್ಕ ಗಾಡಿಗೆ ಪೂಜೆ ಮಾಡಿಸಿದಳು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಮರುದಿನ ನೋಡಿದರೆ ದೀಪ ಆರಿತ್ತು! ಮನೆಯಲ್ಲಿ ಎಲ್ಲರಿಗೂ ಖುಷಿ. ಹದಿನೈದು ದಿನ ಕಳೆದು ಶಿರಾಡಿ ಘಾಟಿಯಲ್ಲಿ ಮತ್ತೆ ಹತ್ತಿತು. ಅದೇ ಘಾಟಿಯಲ್ಲಿ ಇನ್ನೊಂದು ವಿಚಿತ್ರವೂ ಆಯಿತು. ನೇರ ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತದೆ. ಸ್ಟಿಯರಿಂಗನ್ನು ಎಡಕ್ಕೆ ಜೋರಾಗಿ ತಿರುಗಿಸಿದರೆ ಮಾತ್ರ ಸದ್ದೇ ಇಲ್ಲ. ಘಾಟಿಯಲ್ಲಿ ಹಾರ್ನ್ ಬೇಕಾಗೋದೇ ತಿರುವಿನಲ್ಲಿ, ಅಲ್ವಾ? ಭಾವ ಫೋನಿನಲ್ಲಿ ಇದನ್ನು ಹೇಳಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಹಾರ್ನ್ ಬೇರೆ, ದೀಪ ಬೇರೆ ಅಲ್ಲ. ಎರಡೂ ಒಂದೇ ಕಾಯಿಲೆ.

ಕಾಯಿಲೆ ಯಾವುದು ಅಂತ ಹೇಳುವ ಮೊದಲು ಆ ನಿಂಬೆಹಣ್ಣಿನ ಬಗ್ಗೆ ಒಂದು ಮಾತು. ಬಂದು ಹೋಗುವ ದೋಷದಷ್ಟು ಚೆನ್ನಾಗಿ ಮೂಢನಂಬಿಕೆ ಬೆಳೆಸುವ ಗೊಬ್ಬರ ಇನ್ನೊಂದಿಲ್ಲ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದ. ಹಕ್ಕಿ ಏನು ಮಾಡಿದರೂ ಬಿಟ್ಟರೂ ಇಂತಿಷ್ಟು ಸೆಕೆಂಡಿಗೊಮ್ಮೆ ಕಾಳು ತಾನಾಗಿ ಬರುತ್ತಿತ್ತು. ಕಾಳು ಬಂದಾಗ ಒಂದು ಹಕ್ಕಿ ಸುತ್ತು ಹಾಕುತ್ತಿತ್ತು, ಅದು ಸುತ್ತು ಹಾಕುವುದನ್ನೇ ಅಭ್ಯಾಸ ಮಾಡಿಕೊಂಡಿತು. ಇನ್ನೊಂದು ತಲೆ ಆಡಿಸುವುದನ್ನು ಕಲಿಯಿತು. ದೀಪ ತಾನಾಗಿ ಆರಿದ ಹಿಂದಿನ ದಿನ ಅಕ್ಕ ಪೂಜೆ ಮಾಡಿಸಿದ್ದಳು, ಅಷ್ಟೇ. ಅವಳು ಅವತ್ತು ಬಿಸಿಬೇಳೆಬಾತ್ ಮಾಡಿದ್ದರೆ ಅದಕ್ಕೇ ಆ ಹೆಸರು ಬರುತ್ತಿತ್ತು.

ಈಗ ಏರ್‌ಬ್ಯಾಗ್. ಗಾಡಿಯ ಬೇರೆಲ್ಲ ಭಾಗಗಳಿಗಿಂತ ಇದು ಒಂದು ವಿಷಯದಲ್ಲಿ ಬೇರೆ. ವೈಪರ್ ಕೆಲಸ ಮಾಡುತ್ತಾ ಅಂತ ಹಾಕಿ ನೋಡಬಹುದು. ಬ್ರೇಕ್ ಒತ್ತಿ ನೋಡಬಹುದು. ಏರ್‌ಬ್ಯಾಗನ್ನು ಹಾಗೆ ನೋಡಲಾಗದು. ಕಡ್ಡಿ ಹತ್ತುತ್ತೋ ಇಲ್ವೋ ಅಂತ ಗೀರಿ ನೋಡಿದರೆ ಆಮೇಲೆ ಕೈಯಲ್ಲಿ ಉಳಿಯುವುದು ಕರಿ. ಹಾಗಾದರೆ ಹತ್ತು ವರ್ಷ ಸುಮ್ಮನೆ ಮಡಚಿ ಕೂತ ಚೀಲ ಬೇಕಾದಾಗ ಉಬ್ಬುತ್ತದೆ ಅಂತ ನಂಬುವುದು ಹೇಗೆ?

ಇದಕ್ಕೆ ಇಂಜಿನಿಯರುಗಳು ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟ. ಚೀಲದ ಹಿಂದೆ ಅನಿಲ ಹುಟ್ಟಿಸುವ ರಾಸಾಯನಿಕ ಇರುತ್ತದೆ. ಅದಕ್ಕೆ ಕಿಡಿ ಹಚ್ಚಲು ಸ್ಕ್ವಿಬ್ ಅನ್ನುವ ಪುಟ್ಟ ಬತ್ತಿ. ಅದರೊಳಗೆ ಕೂದಲಿನಂಥ ಒಂದು ತಂತಿ. ಅದರ ವಿದ್ಯುತ್ ರೋಧ ಸುಮಾರು 2 ಓಮ್. ಒಂದು ಆಂಪಿಯರ್‌ಗಿಂತ ಸ್ವಲ್ಪ ಜಾಸ್ತಿ ಕರೆಂಟ್ ಒಂದೆರಡು ಮಿಲಿಸೆಕೆಂಡ್ ಹರಿದರೆ ಸಾಕು, ತಂತಿ ಕಾದು ಬತ್ತಿ ಹತ್ತುತ್ತದೆ. ಏರ್‌ಬ್ಯಾಗಿನ ಕಂಪ್ಯೂಟರ್ ಏನು ಮಾಡುತ್ತದೆ ಅಂದರೆ, ಗಾಡಿ ಆನ್ ಇರುವಷ್ಟು ಹೊತ್ತೂ ಅದೇ ತಂತಿಗೆ ಅದಕ್ಕಿಂತ ಎಷ್ಟೋ ಕಡಿಮೆ ಕರೆಂಟ್ ಬಿಟ್ಟು ರೋಧ ಅಳೆಯುತ್ತಿರುತ್ತದೆ. ರಾತ್ರಿ ಕಾವಲಿನವನು ಸೀಟಿ ಊದಿದರೆ ಮುಂದಿನ ಬೀದಿಯವನು ತಿರುಗಿ ಊದುತ್ತಾನಲ್ಲ, ಹಾಗೆ. ಅಥವಾ ಮಿಸ್ಡ್ ಕಾಲ್ ಅನ್ನಿ. ಮಾತಾಡುವುದೇನೂ ಇಲ್ಲ, ಕಾಸೂ ಖರ್ಚಾಗಲ್ಲ, ಆದರೆ ಆಚೆ ಕಡೆ ಫೋನ್ ಇದೆ ಅಂತ ಗೊತ್ತಾಗುತ್ತದೆ. 2 ಓಮ್ ಆಸುಪಾಸಿನ ಉತ್ತರ ಬಂದರೆ ಎಲ್ಲ ಕ್ಷೇಮ. ರೋಧ ಜಾಸ್ತಿಯಾದರೆ ತಂತಿ ಎಲ್ಲೋ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಶಾರ್ಟ್ ಆಗಿದೆ. ಆಗ ಕಂಪ್ಯೂಟರ್ ದೀಪ ಹಚ್ಚುತ್ತದೆ. ಎಷ್ಟೋ ಗಾಡಿಗಳಲ್ಲಿ ಏರ್‌ಬ್ಯಾಗ್ ವ್ಯವಸ್ಥೆಯನ್ನೇ ನಿಲ್ಲಿಸಿಬಿಡುತ್ತದೆ. ಕಾರಣವಿಲ್ಲದೆ ಚೀಲ ಸಿಡಿಯುವುದಕ್ಕಿಂತ ಸಿಡಿಯದೇ ಇರುವುದು ಮೇಲು ಅನ್ನುವುದು ಅದರ ಲೆಕ್ಕ. ಬಲ್ಬ್ ತೆಗೆದರೆ ನಿಂತುಹೋಗುವುದು ನಮಗೆ ಬರುತ್ತಿದ್ದ ಸುದ್ದಿ. ಆಚೆ ಬೀದಿಯ ಕಾವಲಿನವನು ಅಷ್ಟು ಹೊತ್ತಿಗೆ ಮನೆಗೆ ಹೋಗಿಯಾಗಿದೆ.

ಈ ಚೀಲದ ಕತೆ ಶುರುವಾದದ್ದೂ ಒಂದು ಕುಟುಂಬದ ಗಾಡಿಯಲ್ಲೇ. 1952ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಾನ್ ಹೆಟ್ರಿಕ್ ಅನ್ನುವವರು ಹೆಂಡತಿ, ಮಗಳ ಜೊತೆ ಹೋಗುತ್ತಿದ್ದರು. ದಾರಿಯಲ್ಲಿ ಬಂಡೆ ಕಂಡು ಗಾಡಿ ತಪ್ಪಿಸಿದರು, ಚರಂಡಿಗೆ ಇಳಿಯಿತು. ಬ್ರೇಕ್ ಒತ್ತುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಮಗಳ ಮುಂದೆ ಕೈ ಅಡ್ಡ ಹಿಡಿದಿದ್ದರು. ನಮ್ಮ ಬಸ್ಸುಗಳಲ್ಲಿ ಅಮ್ಮಂದಿರು ಈಗಲೂ ಹಿಡಿಯುತ್ತಾರಲ್ಲ, ಅದೇ ಕೈ. ಆ ಕೈಯ ಕೆಲಸವನ್ನು ಬೇರೆ ಯಾವುದಾದರೂ ಮಾಡಬಹುದಾ ಅಂತ ಅವರು ಯೋಚಿಸಿದರು. ನೌಕಾಪಡೆಯಲ್ಲಿದ್ದಾಗ ಟಾರ್ಪೆಡೋ ಒಂದರ ಒತ್ತಿದ ಗಾಳಿ ಬಿಟ್ಟುಹೋಗಿ ಮೇಲಿದ್ದ ಕ್ಯಾನ್ವಾಸ್ ಹೊದಿಕೆ ಛಾವಣಿಗೆ ಹಾರಿದ್ದು ನೆನಪಾಯಿತು. 1953ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ಸುಮಾರಿಗೆ ಜರ್ಮನಿಯಲ್ಲಿ ವಾಲ್ಟರ್ ಲಿಂಡರರ್ ಕೂಡ ಇಂಥದ್ದೇ ಪೇಟೆಂಟ್ ಪಡೆದರು. ಆದರೆ ಒತ್ತಿದ ಗಾಳಿ ತೀರಾ ನಿಧಾನ. ಡಿಕ್ಕಿಯಾದಾಗ ಚೀಲ ಉಬ್ಬಲು ಸಿಗುವ ಸಮಯ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು. ಕಣ್ಣು ಮಿಟುಕಿಸಲೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅದಕ್ಕೇ ಆಮೇಲೆ ಗಾಳಿ ಬಿಟ್ಟು ಸೋಡಿಯಂ ಅಜೈಡ್‌ನಂಥ ರಾಸಾಯನಿಕ ಬಂತು. ಕಿಡಿ ತಾಗಿದರೆ ಅದು ಕ್ಷಣದಲ್ಲಿ ನೈಟ್ರೋಜನ್ ಬಿಡುತ್ತದೆ.

ಸರಿ, ಭಾವನ ಗಾಡಿಗೆ ಬರೋಣ. ಚಾಲಕನ ಏರ್‌ಬ್ಯಾಗ್ ಇರುವುದು ಸ್ಟಿಯರಿಂಗ್ ಒಳಗೆ. ಸ್ಟಿಯರಿಂಗ್ ತಿರುಗುತ್ತದೆ, ಅದರ ಕೆಳಗಿನ ಕಂಬ ತಿರುಗುವುದಿಲ್ಲ. ಇವೆರಡರ ನಡುವೆ ತಂತಿ ಎಳೆಯುವುದು ಹೇಗೆ? ಬಾವಿಯ ರಾಟೆಗೆ ಕರೆಂಟ್ ವೈರ್ ಕಟ್ಟಿ ನೀರು ಸೇದಿ ನೋಡಿ, ತೊಂದರೆ ಗೊತ್ತಾಗುತ್ತದೆ. ಹಳೇ ಗಾಡಿಗಳಲ್ಲಿ ಹಾರ್ನಿಗೆ ಒಂದು ಹಿತ್ತಾಳೆ ಬಳೆ, ಅದನ್ನು ಉಜ್ಜುತ್ತಾ ಕೂರುವ ಒಂದು ಕಡ್ಡಿ ಇರುತ್ತಿತ್ತು. ಹಾರ್ನಿಗೆ ಅದು ಸಾಕು. ಮುಟ್ಟಿ ಬಿಟ್ಟರೂ ನಡೆಯುತ್ತದೆ. ಆದರೆ 2 ಓಮ್ ಅಳೆಯುವಾಗ ಉಜ್ಜುವ ಜಾಗದ ಕೊಳೆಯೇ ರೋಧವನ್ನು ಏರಿಸಿ ಇಳಿಸಿಬಿಡುತ್ತದೆ.

ಅದಕ್ಕೇ ಬಂದದ್ದು ಕ್ಲಾಕ್ ಸ್ಪ್ರಿಂಗ್. ಕೆಲವರು ಸ್ಪೈರಲ್ ಕೇಬಲ್ ಅನ್ನುತ್ತಾರೆ. ಅಗಲವಾದ ಪ್ಲಾಸ್ಟಿಕ್ ಬಳೆಯಂಥ ಡಬ್ಬಿ. ಒಳಗೆ ತೆಳ್ಳನೆ ತಾಮ್ರದ ಪಟ್ಟಿಗಳನ್ನು ಪ್ಲಾಸ್ಟಿಕ್‌ನಲ್ಲಿ ಹುದುಗಿಸಿದ ರಿಬ್ಬನ್, ಚಕ್ಕುಲಿಯಂತೆ ಸುತ್ತಿರುತ್ತದೆ. ಒಂದು ತುದಿ ಸ್ಟಿಯರಿಂಗಿಗೆ, ಇನ್ನೊಂದು ಕಂಬಕ್ಕೆ. ಒಂದು ಕಡೆ ತಿರುಗಿಸಿದರೆ ಸುತ್ತು ಬಿಗಿಯಾಗುತ್ತದೆ, ಇನ್ನೊಂದು ಕಡೆಗೆ ಸಡಿಲವಾಗುತ್ತದೆ. ದರ್ಜಿಯ ಟೇಪನ್ನು ಬೆರಳಿಗೆ ಸುತ್ತಿ, ತುದಿ ಬಿಡದೆ ಬೆರಳು ತಿರುಗಿಸಿದಂತೆ. ಹಳೇ ಕೀಲಿ ಗಡಿಯಾರದ ಸುರುಳಿಯ ಹಾಗೆ ಕಾಣುವುದರಿಂದ ಆ ಹೆಸರು. ಹಾರ್ನ್, ಏರ್‌ಬ್ಯಾಗ್, ಸ್ಟಿಯರಿಂಗ್ ಮೇಲಿನ ಹಾಡಿನ ಬಟನ್, ಎಲ್ಲವೂ ಆ ರಿಬ್ಬನ್ನಿನ ಮೇಲೆ ಅಕ್ಕಪಕ್ಕದ ಓಣಿಗಳಲ್ಲಿ ಓಡಾಡುತ್ತವೆ. ಒಂದು ತಾಮ್ರದ ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತಾ ಇದ್ದರೆ ಏನಾಗುತ್ತದೆ? ಒಂದು ದಿನ ಸೀಳುತ್ತದೆ. ಮೊದಮೊದಲು ಸೀಳು ಎಷ್ಟು ಸಣ್ಣದಿರುತ್ತದೆ ಅಂದರೆ ನೇರ ಇದ್ದಾಗ ಎರಡೂ ತುದಿ ಮುಟ್ಟಿಕೊಂಡಿರುತ್ತವೆ. ತಿರುಗಿಸಿದಾಗ ಬಿಡುತ್ತವೆ. ಘಾಟಿಯ ಎಡ ತಿರುವಿನಲ್ಲಿ ಹಾರ್ನ್ ಸುಮ್ಮನಾದದ್ದು, ಪೂಜೆಯ ಮರುದಿನ ದೀಪ ಆರಿದ್ದು, ಎರಡಕ್ಕೂ ಈ ಸೀಳೇ ಕಾರಣ.

ಇದೇನು ಅಪರೂಪವಲ್ಲ. 2014ರ ಏಪ್ರಿಲ್‌ನಲ್ಲಿ ಟೊಯೊಟಾ ಸ್ಪೈರಲ್ ಕೇಬಲ್ ದೋಷಕ್ಕಾಗಿ ಭಾರತದಲ್ಲಿ ಸುಮಾರು 45,000 ಇನ್ನೋವಾಗಳನ್ನು ವಾಪಸ್ ಕರೆಸಿ ಸರಿಮಾಡಿಕೊಡುವುದಾಗಿ ಹೇಳಿತು. ನಮ್ಮ ಬಿಡದಿಯಲ್ಲೇ ತಯಾರಾದ ಗಾಡಿಗಳು. ರಿಪೇರಿಯಲ್ಲೂ ಒಂದು ಸೂಕ್ಷ್ಮ ಇದೆ. ಹೊಸ ಕ್ಲಾಕ್ ಸ್ಪ್ರಿಂಗನ್ನು ಸರಿಯಾಗಿ ಮಧ್ಯಕ್ಕೆ ತಂದು ಕೂರಿಸಬೇಕು. ಒಂದು ಸುತ್ತು ಆಚೀಚೆ ಆದರೆ ಮೊದಲ ಫುಲ್ ಟರ್ನ್‌ನಲ್ಲೇ ರಿಬ್ಬನ್ ಎಳೆದು ಹರಿಯುತ್ತದೆ. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಬ್ಯಾಟರಿ ತೆಗೆದರೂ ಕಂಪ್ಯೂಟರಿನ ಕೆಪಾಸಿಟರಿನಲ್ಲಿ ಚೀಲ ಸಿಡಿಸುವಷ್ಟು ಶಕ್ತಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ಮಲ್ಟಿಮೀಟರ್ ಹಿಡಿದು ಏರ್‌ಬ್ಯಾಗನ್ನೇ ಅಳೆಯುವುದಂತೂ ಬೇಡವೇ ಬೇಡ.

ಬೇರೆ ಕಾರಣಗಳು ಇನ್ನೂ ಸಾದಾ. ಮುಂದಿನ ಸೀಟಿನ ಕೆಳಗೆ ಬಗ್ಗಿ ನೋಡಿದರೆ ಎಷ್ಟೋ ಗಾಡಿಗಳಲ್ಲಿ ಹಳದಿ ಪ್ಲಗ್ ಕಾಣುತ್ತದೆ. ಸೀಟ್ ಬೆಲ್ಟ್ ಬಿಗಿಯುವ ಯಂತ್ರದ್ದೋ ಪಕ್ಕದ ಏರ್‌ಬ್ಯಾಗಿನದ್ದೋ ಇರುತ್ತದೆ. ಅಲ್ಲೇ ನಾವು ಕೊಡೆ, ಚಪ್ಪಲಿ, ನೀರಿನ ಬಾಟ್ಲಿ ತುರುಕುವುದು. ಆಯುಧಪೂಜೆಗೆ ಒಳಗೂ ಪೈಪ್ ಹಿಡಿದು ತೊಳೆದರೆ ನೀರು ಇಳಿಯುವುದೂ ಅಲ್ಲಿಗೇ, ಆಮೇಲೆ ಪಿನ್ನು ಕಿಲುಬು ಹಿಡಿಯುತ್ತದೆ. ಬೇಸ್‌ಮೆಂಟಿನ ಇಲಿಗಳ ಕತೆ ಎಲ್ಲರಿಗೂ ಗೊತ್ತು. ಬ್ಯಾಟರಿ ಸೋತರೂ ಕೆಲವು ಸಲ ದೀಪ ಹತ್ತುತ್ತದೆ. ಪ್ಲಗ್ ಸರಿಮಾಡಿದ ಮೇಲೂ ಹಳೇ ದೋಷದ ಕೋಡ್ ನೆನಪಿನಲ್ಲಿ ಉಳಿದು ದೀಪ ಉರಿಯುತ್ತಿರಬಹುದು. ಸ್ಕ್ಯಾನರ್ ಹಾಕಿ ಅಳಿಸಬೇಕು.

ನನಗೆ ನಿಜವಾಗಿ ಭಯ ಇರುವುದು ಉರಿಯುವ ದೀಪದ ಬಗ್ಗೆ ಅಲ್ಲ. ಕಂಪ್ಯೂಟರ್ ಕೇಳುವುದು ಬರೀ 2 ಓಮ್ ತಾನೇ? ಸಿಡಿದುಹೋದ ಏರ್‌ಬ್ಯಾಗಿನ ಜಾಗದಲ್ಲಿ ಅಷ್ಟೇ ರೋಧದ ಒಂದು ರೆಸಿಸ್ಟರ್ ಸಿಕ್ಕಿಸಿದರೆ ಅದು ಮೋಸ ಹೋಗುತ್ತದೆ. ಸ್ಕ್ಯಾನರ್ ಕೂಡ "ಎಲ್ಲ ಸರಿ" ಅನ್ನುತ್ತದೆ. ಕವರಿನ ಹಿಂದೆ ಚೀಲವೇ ಇರುವುದಿಲ್ಲ. ಇನ್ನು ಕೆಲವರು ಏರ್‌ಬ್ಯಾಗ್ ದೀಪವನ್ನು ಬೇರೊಂದು ದೀಪಕ್ಕೆ ಜೋಡಿಸುತ್ತಾರೆ. ಹಾಗಾಗಿ ಹಳೇ ಗಾಡಿ ನೋಡಲು ಹೋದಾಗ ಕೀ ಆನ್ ಮಾಡಿ, ಇಂಜಿನ್ ಶುರುಮಾಡದೆ ನೋಡಿ. ದೀಪ ಹತ್ತಿ, ಕೆಲವು ಸೆಕೆಂಡ್ ಇದ್ದು, ತಾನಾಗಿ ಆರಬೇಕು. ಹತ್ತದೇ ಇದ್ದರೆ ಅನುಮಾನ. ಇಂಜಿನ್ ಶುರುವಾದ ಕ್ಷಣ ಆಯಿಲ್ ದೀಪದ ಜೊತೆ ಜೋಡಿಯಾಗಿ ಆರಿದರೂ ಅನುಮಾನ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಬುಡದ ಚೀಟಿಯಲ್ಲಿ ತಯಾರಾದ ತಾರೀಖು ಇರುತ್ತದೆ. ಗಾಡಿ 2016ರದ್ದು, ಬೆಲ್ಟ್ 2021ರದ್ದು ಅಂದರೆ ನಡುವೆ ಏನೋ ನಡೆದಿದೆ. ನಮ್ಮಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಆ ಗಾಡಿಗಳೆಲ್ಲ ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತಿವೆ.

ಇನ್ನೊಂದು ಮಾತು ಹೇಳಲೇಬೇಕು, ಅಕ್ಕ ಬೈದರೂ ಪರವಾಗಿಲ್ಲ. ಡ್ಯಾಶ್‌ಬೋರ್ಡಿನ ಎಡಗಡೆ "ಎಸ್‌ಆರ್‌ಎಸ್ ಏರ್‌ಬ್ಯಾಗ್" ಅಂತ ಬರೆದ ಜಾಗದ ಮೇಲೆ ಗಣಪನನ್ನು ಅಂಟಿಸಬೇಡಿ. ಚೀಲ ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಹೊರಬರುತ್ತದೆ. ಕಲ್ಲಿನ ಮೂರ್ತಿ ಎದುರು ಕೂತವರ ಮುಖಕ್ಕೇ ಬರುತ್ತದೆ.

ಭಾವ ಬೇರೆ ಗ್ಯಾರೇಜಿಗೆ ಹೋಗಿ ಕ್ಲಾಕ್ ಸ್ಪ್ರಿಂಗ್ ಬದಲಾಯಿಸಿದರು. ಹಳೆಯದನ್ನು ನಾನು ಕೇಳಿ ಇಸ್ಕೊಂಡೆ. ಮನೆಗೆ ತಂದು ಡಬ್ಬಿ ಬಿಚ್ಚಿ, ಸೊಸೆಯ ಕೈಗೆ ತುದಿ ಕೊಟ್ಟು ಎಳೆಯಲು ಹೇಳಿದೆ. ಹಾಲಿನ ಬಾಗಿಲಿನಿಂದ ಅಡುಗೆಮನೆಯ ಹೊಸ್ತಿಲವರೆಗೂ ಬಂತು. ಕಣ್ಣಿಗೆ ಏನೂ ಕಾಣಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು, ಒಂದೊಂದೇ ಗೇಣು ಸರಿಸುತ್ತಾ ಹೋದಾಗ ಸಿಕ್ಕಿತು. ತಾಮ್ರದ ಓಣಿಗಳಿಗೆ ಅಡ್ಡಲಾಗಿ, ಉಗುರಿನ ಗೀರಿಗಿಂತ ಸಣ್ಣ ಗೆರೆ.