ತಣ್ಣಗಿದ್ದಾಗ ಮಾತ್ರ ತಡವರಿಸುವ ಎಂಜಿನ್

ರಾತ್ರಿಯಿಡೀ ನಿಂತಿದ್ದ ಪೆಟ್ರೋಲ್ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಸ್ಟಿಯರಿಂಗ್ ಅದುರುತ್ತದೆ, ಆರ್‌ಪಿಎಂ ಮುಳ್ಳು ಏರಿಳಿಯುತ್ತದೆ, ಎಂಜಿನ್ ಈಗ ನಿಂತೀತು ಆಗ ನಿಂತೀತು ಎನ್ನುವಂತೆ ಓಡುತ್ತದೆ. ಹತ್ತು ನಿಮಿಷ ಓಡಿಸಿ ಗ್ಯಾರೇಜ್ ಮುಟ್ಟುವಷ್ಟರಲ್ಲಿ ಅದೇ ಎಂಜಿನ್ ಗಪ್‌ಚುಪ್. ಬಿಸಿ ಎಂಜಿನ್ ಮುಂದೆ ನಿಂತ ಮೆಕ್ಯಾನಿಕ್ ಊಹೆಯ ಮೇಲೆ ಸ್ಪಾರ್ಕ್ ಪ್ಲಗ್ ಬದಲಿಸುತ್ತಾನೆ. ಮರುದಿನ ಬೆಳಗ್ಗೆ ಮತ್ತದೇ ನಡುಕ. ಈ ದೋಷ ಸಿಗುವುದು ಸ್ಟಾರ್ಟ್ ಆದ ಮೊದಲ ಒಂದೆರಡು ನಿಮಿಷಗಳಲ್ಲಿ ಮಾತ್ರ. ಹಾಗಾಗಿ ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಡಬೇಕು.

ಬಿಸಿಯಾದರೆ ದೋಷ ಏಕೆ ಮಾಯವಾಗುತ್ತದೆ? ಉರಿಯುವುದು ಪೆಟ್ರೋಲಿನ ಆವಿ, ದ್ರವವಲ್ಲ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಂಜಿನ್ ತಣ್ಣಗಿದ್ದಾಗ ಸಿಂಪಡಿಸಿದ ಇಂಧನದ ಒಂದು ಪಾಲು ಆವಿಯಾಗದೆ ಗೋಡೆಗಳಿಗೇ ಅಂಟಿಕೊಳ್ಳುತ್ತದೆ. ಈ ಕೊರತೆ ತುಂಬಲು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಹೆಚ್ಚು ಪೆಟ್ರೋಲ್ ಕೊಡುತ್ತದೆ. ಎಷ್ಟು ಹೆಚ್ಚು ಎಂಬುದು ಆಗ ಲೆಕ್ಕಾಚಾರ ಮಾತ್ರ, ಏಕೆಂದರೆ ಲೆಕ್ಕ ಸರಿಯೋ ತಪ್ಪೋ ಎಂದು ಹೇಳಬೇಕಾದ, ಹೊಗೆಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಕುರುಡು. ಅದು ಕಣ್ಣು ಬಿಟ್ಟ ಮೇಲೆ ಸಣ್ಣಪುಟ್ಟ ತಪ್ಪುಗಳನ್ನೆಲ್ಲ ಇಸಿಯು ತಾನೇ ತಿದ್ದಿಕೊಳ್ಳುತ್ತದೆ. ದೋಷ ಹೋಗಿರುವುದಿಲ್ಲ, ಮುಚ್ಚಿಹೋಗಿರುತ್ತದೆ.

ಹಾಗೆಂದು ಎಲ್ಲ ಸದ್ದೂ ರೋಗವಲ್ಲ. ತಣ್ಣನೆಯ ಎಂಜಿನ್ 1,100ರಿಂದ 1,500 ಆರ್‌ಪಿಎಂನಲ್ಲಿ ತುಸು ಒರಟಾಗಿ ಓಡುವುದು ಸಹಜ. ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಕಾಯಲೆಂದು ಇಸಿಯು ಬೇಕೆಂದೇ ಕಿಡಿಯನ್ನು ತಡಮಾಡುತ್ತದೆ. ಮುಳ್ಳು ಒಂದೇ ಕಡೆ ನಿಂತಿದ್ದರೆ ಚಿಂತೆ ಬೇಡ.

ಪರೀಕ್ಷೆ ಶುರುವಾಗಬೇಕಾದದ್ದು ಸ್ಟಾರ್ಟ್ ಮಾಡುವ ಮೊದಲೇ. ಇಸಿಯುನ ಮಾಹಿತಿ ಓದುವ ಸ್ಕ್ಯಾನರ್ ಚುಚ್ಚಿ, ಕೀ ಆನ್ ಮಾಡಿ, ಕೂಲಂಟ್ (ಎಂಜಿನ್ ತಣಿಸುವ ದ್ರವ) ತಾಪಮಾನ ಮತ್ತು ಒಳಬರುವ ಗಾಳಿಯ ತಾಪಮಾನ ಎರಡನ್ನೂ ಓದಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ನಾಲ್ಕೈದು ಡಿಗ್ರಿ ವ್ಯತ್ಯಾಸ ಪರವಾಗಿಲ್ಲ. ಗಾಳಿ 15 ಡಿಗ್ರಿ, ಕೂಲಂಟ್ 45 ಡಿಗ್ರಿ ಎಂದು ತೋರಿಸಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಎಂಜಿನ್ ಬೆಚ್ಚಗಿದೆಯೆಂದು ನಂಬಿದ ಇಸಿಯು ಪೆಟ್ರೋಲನ್ನು ಕೈ ಬಿಗಿಹಿಡಿದು ಕೊಡುತ್ತಿರುತ್ತದೆ. ಕೂಲಂಟ್ ತಾಪಮಾನ ಅಳೆಯುವ ಸೆನ್ಸರಿನ ರೆಸಿಸ್ಟೆನ್ಸ್ (ವಿದ್ಯುತ್ ರೋಧ) ಬಿಸಿಯೇರಿದಂತೆ ಇಳಿಯುತ್ತದೆ: ಸಾಮಾನ್ಯ ಬಗೆಯದರಲ್ಲಿ 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ 300ರ ಆಸುಪಾಸು. ಮೈನಸ್ 40 ಎಂದು ತೋರಿಸಿದರೆ ಹೊರಗೆ ಹಿಮ ಬಿದ್ದಿಲ್ಲ, ವೈರ್ ಕಿತ್ತಿದೆ ಅಥವಾ ಕನೆಕ್ಟರ್ ಸಡಿಲಾಗಿದೆ. ದುಬಾರಿ ಬಿಡಿಭಾಗಗಳನ್ನು ಬದಲಿಸಿ ಸೋತ ಮೇಲೆ ಈ ಸಣ್ಣ ಸೆನ್ಸರ್ ನೆನಪಾಗುವುದೇ ಹೆಚ್ಚು.

ಇನ್ನು ಗಾಳಿ ಸೋರಿಕೆ. ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ರಬ್ಬರ್ ಗ್ಯಾಸ್ಕೆಟ್ ಹಳತಾದಂತೆ ಗಡಸಾಗುತ್ತದೆ. ಚಳಿಗೆ ಅದು ಕುಗ್ಗಿ ಸಂದು ಬಿಡುತ್ತದೆ, ಬಿಸಿಗೆ ಹಿಗ್ಗಿ ಸಂದು ಮುಚ್ಚುತ್ತದೆ. ಆ ಸಂದಿನಿಂದ ನುಗ್ಗಿದ ಗಾಳಿ, ಒಳಬರುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರಿನ ಲೆಕ್ಕಕ್ಕೆ ಸಿಗುವುದಿಲ್ಲ. ಬ್ರೇಕ್ ಬೂಸ್ಟರಿನ ಪೈಪ್ ಮತ್ತು ಪಿಸಿವಿ ವಾಲ್ವನ್ನೂ (ಎಂಜಿನ್ನಿನೊಳಗಿನ ಆವಿಯನ್ನು ಇನ್‌ಟೇಕಿಗೆ ಮರಳಿಸುವ ಕವಾಟ) ಮರೆಯಬೇಡಿ. ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಆರ್‌ಪಿಎಂ ಬದಲಾಗುತ್ತದೆಯೇ ನೋಡುವ ಹಳೆಯ ಉಪಾಯ ಕೆಲಸ ಮಾಡುತ್ತದೆ, ಆದರೆ ಬೆಂಕಿಯ ಜೊತೆ ಸರಸ. ಇನ್‌ಟೇಕಿಗೆ ಹೊಗೆ ತುಂಬಿ ಎಲ್ಲಿ ಹೊರಬರುತ್ತದೆಂದು ನೋಡುವ ಸ್ಮೋಕ್ ಟೆಸ್ಟ್ ಮೇಲು, ಅದೂ ಎಂಜಿನ್ ತಣ್ಣಗಿದ್ದಾಗಲೇ. ಬಿಸಿಯಾದ ಮೇಲೆ ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲ್ ಲೆಕ್ಕವನ್ನು ತಿದ್ದಿದ ಪ್ರಮಾಣ) ನೋಡಿದರೂ ಸುಳಿವು ಸಿಗುತ್ತದೆ: ಐಡ್ಲಿಂಗ್‌ನಲ್ಲಿ ಪ್ಲಸ್ 10 ಶೇಕಡಾ ಮೀರಿದ್ದು 2,500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯತ್ತ ಇಳಿದರೆ ಗಾಳಿ ಸೋರಿಕೆಯನ್ನೇ ಶಂಕಿಸಿ.

ಗಾಳಿಯ ದಾರಿಯನ್ನು ತಟ್ಟೆಯಿಂದ ತೆರೆದು ಮುಚ್ಚುವ ಥ್ರಾಟಲ್ ಬಾಡಿಯ ಅಂಚಿನಲ್ಲಿ ಮಸಿ ಕಟ್ಟಿದ್ದರೆ ಕ್ಲೀನರ್ ಹಾಕಿದ ಬಟ್ಟೆಯಲ್ಲಿ ಒರೆಸಬೇಕು. ಎಲೆಕ್ಟ್ರಾನಿಕ್ ಥ್ರಾಟಲ್ ಆಗಿದ್ದರೆ ಕೀ ಆಫ್ ಇರಲಿ, ತಟ್ಟೆಯನ್ನು ಬಲವಂತವಾಗಿ ತಳ್ಳಬೇಡಿ. ಒರೆಸಿದ ಮೇಲೆ ಐಡಲ್ ರೀಲರ್ನಿಂಗ್ (ಇಸಿಯುಗೆ ಐಡ್ಲಿಂಗ್ ಮತ್ತೆ ಕಲಿಸುವುದು) ಮಾಡಿಸದಿದ್ದರೆ ಮೊದಲಿಗಿಂತ ಕೆಟ್ಟದಾಗಿ ಓಡಿದರೂ ಓಡೀತು.

ಸ್ಕ್ಯಾನರಿನಲ್ಲಿ ಪಿ0302 ಬಂದರೆ ಎರಡನೇ ಸಿಲಿಂಡರ್ ಮಿಸ್‌ಫೈರ್, ಅಂದರೆ ಅದು ಸರಿಯಾಗಿ ಉರಿಯುತ್ತಿಲ್ಲ. ಅದರ ಕಾಯಿಲನ್ನು (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಮೂರನೆಯದರ ಕಾಯಿಲ್ ಜೊತೆ ಅದಲುಬದಲು ಮಾಡಿ, ಮತ್ತೊಂದು ಬೆಳಗಿನವರೆಗೆ ಕಾಯಿರಿ. ಕೋಡ್ ಪಿ0303 ಆದರೆ ಕಾಯಿಲ್ ಕೆಟ್ಟಿದೆ. ಆಗದಿದ್ದರೆ ಪ್ಲಗ್‌ಗೆ ಇದೇ ಪರೀಕ್ಷೆ.

ಇಂಧನದ ಕಡೆ ಒಂದು ಬಿಟ್ಟಿ ಪರೀಕ್ಷೆಯಿದೆ. ಕೀ ಆನ್ ಮಾಡಿ ಪಂಪ್ ಮೂರು ಸೆಕೆಂಡ್ ಓಡಲಿ, ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿ ಆಮೇಲೆ ಸ್ಟಾರ್ಟ್ ಮಾಡಿ. ನಡುಕ ಗಣನೀಯವಾಗಿ ತಗ್ಗಿದರೆ ರಾತ್ರಿ ಪೆಟ್ರೋಲಿನ ಒತ್ತಡ ಇಳಿದುಹೋಗುತ್ತಿದೆ ಎಂದರ್ಥ: ಕಾರಣ, ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಅಥವಾ ತೊಟ್ಟಿಕ್ಕುವ ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ಭಾಗ).

ಒಂದೇ ಸಿಲಿಂಡರ್ ಮೊದಲ ನಿಮಿಷ ಮಾತ್ರ ಮಿಸ್ ಆಗಿ, ಸಿಹಿ ವಾಸನೆಯ ಬಿಳಿ ಹೊಗೆ ಬಂದು, ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ ಪ್ಲಗ್, ಕಾಯಿಲ್ ಎಂದು ಹಣ ಸುರಿಯುವುದು ವ್ಯರ್ಥ. ಸಂಜೆ ಎಂಜಿನ್ ತಣಿದ ಮೇಲೆ ಕೂಲಿಂಗ್ ವ್ಯವಸ್ಥೆಗೆ ಮುಚ್ಚಳದ ಮೇಲೆ ಬರೆದಷ್ಟು ಒತ್ತಡ ಕೊಟ್ಟು ರಾತ್ರಿ ಹಾಗೇ ಬಿಡಬೇಕು. ಬೆಳಗ್ಗೆ ಪ್ಲಗ್‌ಗಳನ್ನು ಬಿಚ್ಚಿ ಸಣ್ಣ ಕ್ಯಾಮೆರಾ ಇಳಿಸಿದಾಗ ಒಂದು ಪಿಸ್ಟನ್ ತಲೆ ಮಾತ್ರ ಕೂಲಂಟಿನಿಂದ ಒದ್ದೆಯಾಗಿ ಹೊಳೆದರೆ ಕೂಲಂಟ್ ಆ ಸಿಲಿಂಡರಿಗೆ ಸೋರುತ್ತಿದೆ ಎಂದರ್ಥ; ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳದ ಭಾಗ) ಬಿಚ್ಚದೆ ಗತ್ಯಂತರವಿಲ್ಲ.