ರಾಣಿ ಇಲ್ಲದ ಅರ್ಧ ಗಂಟೆ

ಮ್ಯಾನೇಜರ್ ರಜೆ ಹಾಕಿದ್ದಾರೆ ಅಂತ ಗೊತ್ತಾದ ದಿನ ಆಫೀಸಿನ ಗಾಳಿಯೇ ಬೇರೆ. ಟೀಗೆ ಹೋದವರು ನಿಧಾನವಾಗಿ ವಾಪಸ್ ಬರುತ್ತಾರೆ. ಮಾತಿನ ದನಿ ಸ್ವಲ್ಪ ಏರುತ್ತದೆ. ಯಾರೋ ಮನೆಯಿಂದ ತಂದ ಕೋಡುಬಳೆ ಡಬ್ಬಿ ಮೇಜಿಂದ ಮೇಜಿಗೆ ಓಡಾಡುತ್ತದೆ. ಕೆಲಸವೇನೂ ನಿಲ್ಲುವುದಿಲ್ಲ. ಒಬ್ಬರು ಇಲ್ಲದಿದ್ದರೆ ಇಷ್ಟು ಜನ ಯಾಕೆ ಬದಲಾಗುತ್ತಾರೆ? ಇಂಥದ್ದೇ ಪ್ರಶ್ನೆಯನ್ನು ನಮ್ಮ ಬೆಂಗಳೂರಿನಲ್ಲಿ ದಶಕಗಟ್ಟಲೆ ಕೇಳಿದವರಿದ್ದಾರೆ. ಅವರು ಕೇಳಿದ್ದು ಕಣಜದ ಹುಳುಗಳನ್ನು.

ಕಿಟಕಿಯ ಮೂಲೆಯಲ್ಲೋ ಸಜ್ಜಾದ ಅಡಿಯಲ್ಲೋ ಕಾಗದದಂಥ ಗೂಡು ಕಟ್ಟುವ ಕೆಂಗಂದು ಬಣ್ಣದ ಕಣಜವನ್ನು ನೀವು ನೋಡಿರುತ್ತೀರಿ. ಅವುಗಳಲ್ಲಿ ಒಂದರ ವೈಜ್ಞಾನಿಕ ಹೆಸರು ರೊಪಾಲಿಡಿಯಾ ಮಾರ್ಜಿನಾಟಾ. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವೆಲ್ಲ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಮತ್ತು ಅವರ ವಿದ್ಯಾರ್ಥಿಗಳು ಇವನ್ನೇ ಹಿಡಿದು ಕೂತರು. ಪ್ರತಿ ಹುಳುವಿನ ಮೈಮೇಲೂ ಬಣ್ಣದ ಚುಕ್ಕಿ ಇಟ್ಟು, ಯಾರು ಏನು ಮಾಡುತ್ತಾರೆ ಅಂತ ಗಂಟೆಗಟ್ಟಲೆ ಬರೆದುಕೊಂಡರು.

ರಾಣಿ ಅಂದರೆ ಗದರುವವಳು, ಎಲ್ಲರ ಮೇಲೆ ಸವಾರಿ ಮಾಡುವವಳು ಅಂದುಕೊಳ್ಳುತ್ತೇವೆ, ಅಲ್ವಾ? ಈ ಗೂಡಿನ ರಾಣಿ ಹಾಗಿಲ್ಲ. ಗಾತ್ರದಲ್ಲಿ ಉಳಿದವರ ಹಾಗೇ. ಯಾರನ್ನೂ ಅಟ್ಟುವುದಿಲ್ಲ, ಕಚ್ಚುವುದಿಲ್ಲ. ಹೆಚ್ಚು ಹೊತ್ತು ಸುಮ್ನೆ ಕೂತಿರುತ್ತಾಳೆ. ಮೊಟ್ಟೆ ಇಡುವುದನ್ನು ಕಂಡಾಗಲೇ ಇವಳೇ ರಾಣಿ ಅಂತ ಗೊತ್ತಾಗುವುದು. ಹಾಗಾದರೆ ಇಂಥ ಸಾಧು ರಾಣಿ ಇರುವುದರಿಂದ ಏನು ನಡೆಯುತ್ತಿದೆ? ತಿಳಿಯಲು ಒಂದೇ ದಾರಿ. ಅವಳನ್ನು ಎತ್ತಿ ಪಕ್ಕಕ್ಕಿಡಬೇಕು.

ಎತ್ತಿಟ್ಟರು. ಸುಮಾರು ಅರ್ಧ ಗಂಟೆಯಲ್ಲಿ ಗೂಡಿನ ಚಿತ್ರವೇ ಬದಲಾಯಿತು. ಎಲ್ಲರೂ ಸೇರಿ ಗಲಾಟೆ ಎಬ್ಬಿಸಲಿಲ್ಲ. ಅಷ್ಟು ಹೊತ್ತು ಎಲ್ಲರಂತೆ ಇದ್ದ ಒಬ್ಬಳೇ ಒಬ್ಬಳು ಕೆಲಸಗಾರ್ತಿ ಇದ್ದಕ್ಕಿದ್ದಂತೆ ಉಗ್ರಳಾದಳು. ಉಳಿದವರ ಮೇಲೆ ಎರಗತೊಡಗಿದಳು. ಅವರು ತಿರುಗಿಬೀಳದೆ ತಗ್ಗಿದರು. ರಾಣಿಯನ್ನು ವಾಪಸ್ ತಂದಿಟ್ಟರೆ ಈಕೆ ಮತ್ತೆ ತಣ್ಣಗಾಗುತ್ತಾಳೆ. ತರದೇ ಇದ್ದರೆ ಸುಮಾರು ಒಂದು ವಾರದಲ್ಲಿ ಮೊಟ್ಟೆ ಇಡಲು ಶುರುಮಾಡುತ್ತಾಳೆ. ಆ ಹೊತ್ತಿಗೆ ಸಿಟ್ಟೂ ಇಳಿದು, ಹಳೆಯ ರಾಣಿಯಂತೆ ಸಾಧುವಾಗಿರುತ್ತಾಳೆ.

ನನ್ನನ್ನು ಹಿಡಿದು ನಿಲ್ಲಿಸುವುದು ಆ ಅರ್ಧ ಗಂಟೆ. ರಾಣಿ ಹೋದ ಕ್ಷಣಕ್ಕೇ ಯಾಕೆ ಗೊತ್ತಾಗುವುದಿಲ್ಲ? ಎಷ್ಟೋ ಕೆಲಸಗಾರ್ತಿಯರು ರಾಣಿಯನ್ನು ಮುಟ್ಟುವುದೇ ಅಪರೂಪ. ಹಾಗಿದ್ದೂ ಅವಳಿಲ್ಲ ಅನ್ನುವ ಸುದ್ದಿ ಗೂಡಿಗೆಲ್ಲ ಮುಟ್ಟುತ್ತದೆ. ಗೂಡನ್ನು ಎರಡು ಹೋಳು ಮಾಡಿ ನಡುವೆ ಜಾಲರಿ ಕಟ್ಟಿದಾಗ ಒಂದು ಸುಳಿವು ಸಿಕ್ಕಿತು. ರಾಣಿ ಜಾಲರಿಯ ಆಚೆಯೇ ಇದ್ದಳು, ಗಾಳಿ ಧಾರಾಳವಾಗಿ ಆಡುತ್ತಿತ್ತು. ಆದರೂ ಈಚೆ ಬದಿಯಲ್ಲಿ ಒಬ್ಬಳು ಉಗ್ರಳಾದಳು. ಅಂದರೆ ರಾಣಿಯ ಗುರುತು ಗಾಳಿಯಲ್ಲಿ ತೇಲಿ ಬರುವಂಥದ್ದಲ್ಲ. ಅವಳು ಹೊಟ್ಟೆಯ ತುದಿಯನ್ನು ಗೂಡಿಗೆ ಉಜ್ಜುತ್ತಾ ಓಡಾಡುತ್ತಾಳೆ. ಹೊಟ್ಟೆಯೊಳಗಿನ ಒಂದು ಗ್ರಂಥಿಯ ರಸ ಆಗ ಗೂಡಿಗೆ ಸವರಿಕೊಳ್ಳುತ್ತದೆ. ಆ ವಾಸನೆ ಇರುವವರೆಗೂ ರಾಣಿ ಇದ್ದಾಳೆ. ಮಾಸಿತು ಅಂದರೆ ಅವಳಿಲ್ಲ.

ಇನ್ನೂ ಒಂದು ಸೋಜಿಗ ಇದೆ. ಮುಂದಿನ ರಾಣಿ ಯಾರು ಅಂತ ನಾವು ಮೊದಲೇ ಹೇಳಲಾರೆವು. ಗಾತ್ರ ನೋಡಿದರೂ ಇಲ್ಲ, ಜೋರು ನೋಡಿದರೂ ಇಲ್ಲ. ಆದರೆ ಕಣಜಗಳಿಗೆ ಗೊತ್ತಿರುವಂತೆ ಕಾಣುತ್ತದೆ, ಯಾಕೆಂದರೆ ಆ ಜಾಗಕ್ಕೆ ಪೈಪೋಟಿಯೇ ನಡೆಯುವುದಿಲ್ಲ.

ಮನುಷ್ಯರ ವಿಷಯಕ್ಕೆ ಒಂದು ಮಾತು. ಲಂಡನ್ನಿನಲ್ಲಿ 1985ರಲ್ಲಿ ಶುರುವಾದ ವೈಟ್‌ಹಾಲ್ 2 ಅಧ್ಯಯನ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿತು. ಅದನ್ನು ಶುರುಮಾಡಿ ಮುನ್ನಡೆಸಿದವರು ಮೈಕೇಲ್ ಮಾರ್ಮಟ್. ತಮ್ಮ ಕೆಲಸದ ಮೇಲೆ ತಮಗೇ ಹಿಡಿತ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡುಬಂತು. ಮ್ಯಾನೇಜರ್ ಇಲ್ಲದ ದಿನ ಯಾವ ಕೆಲಸ ಮೊದಲು, ಎಷ್ಟು ಹೊತ್ತಿಗೆ ಅನ್ನುವುದು ನಮ್ಮ ಕೈಗೆ ಬರುತ್ತದೆ. ಆ ದಿನದ ಹಗುರವನ್ನು ಬರೀ ಮೈಗಳ್ಳತನ ಅಂತ ಬೈಯುವುದು ನನಗೆ ಸರಿ ಕಾಣುವುದಿಲ್ಲ.

ಆದರೆ ಯಜಮಾನಿ ಇಲ್ಲದ ಬಿಡುವನ್ನು ಮೈತುಂಬ ಅನುಭವಿಸುವವರು ಅಂದರೆ ನಮ್ಮ ಪಶ್ಚಿಮಘಟ್ಟದ ನೆಗೆಯುವ ಇರುವೆಗಳು. ಹೆಸರು ಹಾರ್ಪೆಗ್ನಾಥೋಸ್ ಸಾಲ್ಟೇಟರ್. ದೊಡ್ಡ ಕಣ್ಣು, ಇಕ್ಕಳದಂಥ ಉದ್ದ ದವಡೆ. ಬೇಟೆ ಕಂಡರೆ ಛಂಗನೆ ಹಾರುತ್ತವೆ. ಜೋಗ, ಮೂಡಿಗೆರೆ ಕಡೆಯ ನೆಲ ಅಗೆದು ತೆಗೆದ ಗೂಡುಗಳಿಂದಲೇ ಹೊರದೇಶದ ವಿಜ್ಞಾನಿಗಳು ಇವುಗಳ ಬಗ್ಗೆ ಬಹಳಷ್ಟು ಕಲಿತರು.

ಇಲ್ಲಿ ರಾಣಿ ಸತ್ತರೆ ಉತ್ತರಾಧಿಕಾರಿ ಗೊತ್ತಾಗಿರುವುದಿಲ್ಲ. ಕೆಲಸಗಾರ್ತಿಯರು ಎದುರುಬದುರು ನಿಂತು ಕುಡಿಮೀಸೆಗಳಿಂದ ಪಟಪಟನೆ ಬಡಿದಾಡುತ್ತಾರೆ. ಒಬ್ಬಳು ಮುಂದೆ ಬಂದರೆ ಇನ್ನೊಬ್ಬಳು ಹಿಂದೆ ಸರಿಯುತ್ತಾಳೆ, ಆಮೇಲೆ ಸರದಿ ಅದಲುಬದಲು. ನೋಡಿದರೆ ಕೋಲಾಟದ ನೆನಪಾಗುತ್ತದೆ. ಈ ಮೀಸೆಯಾಟದಲ್ಲಿ ಗಾಯವಾಗುವುದಿಲ್ಲ. ಆದರೆ ನಲವತ್ತು ದಿನದವರೆಗೂ ಸಾಗಬಹುದು. ಗೆಲ್ಲುವವರೂ ಒಬ್ಬರಲ್ಲ, ಹಲವರು.

ಗೆದ್ದವರ ಮೈಯೇ ಬದಲಾಗುತ್ತದೆ. ಮೆದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಏರುತ್ತದೆ. ಅಂಡಾಶಯ ಹಿಗ್ಗುತ್ತದೆ. ಇನ್ನು ಕತ್ತಲೆಯ ಗೂಡಿನಲ್ಲಿ ಮೊಟ್ಟೆ ಇಟ್ಟುಕೊಂಡಿದ್ದರೆ ಸಾಕು, ಬೇಟೆಗೆ ಹೋಗಬೇಕಿಲ್ಲ. ಹಾಗಾಗಿ ಮೆದುಳು ಸುಮಾರು ಐದನೇ ಒಂದು ಭಾಗ ಕುಗ್ಗುತ್ತದೆ. ಏಳು ತಿಂಗಳು ಬದುಕಬೇಕಿದ್ದ ಇರುವೆ ನಾಲ್ಕು ವರ್ಷದವರೆಗೆ ಬದುಕಬಲ್ಲದು! ಇದು ಹೇಗೆ ಅನ್ನುವುದಕ್ಕೆ 2022ರಲ್ಲಿ ಒಂದು ಉತ್ತರ ಸಿಕ್ಕಿತು. ಮೊಟ್ಟೆಗಾಗಿ ಇನ್ಸುಲಿನ್ ಜಾಸ್ತಿ ಬೇಕು, ಆದರೆ ಇನ್ಸುಲಿನ್ ಜಾಸ್ತಿಯಾದರೆ ಸಾಮಾನ್ಯವಾಗಿ ಆಯಸ್ಸು ಕಡಿಮೆ. ಬೆಳೆದ ಅಂಡಾಶಯ ಒಂದು ಪ್ರೋಟೀನನ್ನು ಸುರಿಸಿ, ಮುಪ್ಪು ತರುವ ದಾರಿಯನ್ನಷ್ಟೇ ಮುಚ್ಚುತ್ತದೆ. ಮೊಟ್ಟೆ ಬೆಳೆಸುವ ದಾರಿ ತೆರೆದೇ ಇರುತ್ತದೆ.

2021ರಲ್ಲಿ ವಿಜ್ಞಾನಿ ಕ್ಲಿಂಟ್ ಪೆನಿಕ್ ಮತ್ತು ಸಂಗಡಿಗರು ಇದನ್ನು ಉಲ್ಟಾ ಮಾಡಿ ನೋಡಿದರು. ಗೆದ್ದ ಕೆಲವರನ್ನು ಕೆಲವು ವಾರ ಬೇರೆಯಾಗಿ ಇಟ್ಟು, ಮತ್ತೆ ಗೂಡಿಗೆ ಬಿಟ್ಟರು. ಗೂಡಿನವರು ಅವರನ್ನು ದವಡೆಯಲ್ಲಿ ಕಚ್ಚಿ ಹಿಡಿದು ಅಲುಗಾಡದಂತೆ ನಿಲ್ಲಿಸಿದರು. ಅಂಡಾಶಯ ಸಣ್ಣದಾಯಿತು, ಗೆದ್ದ ಮೇಲೆ ನಿಂತುಹೋಗಿದ್ದ ಬೇಟೆಯ ವಿಷ ಮತ್ತೆ ಊರಿತು. ಕುಗ್ಗಿದ್ದ ಮೆದುಳು ಬೆಳೆದು, ಬೇಟೆಗೆ ಹೋಗುವ ಇರುವೆಯ ಮೆದುಳಿನಷ್ಟೇ ದೊಡ್ಡದಾಯಿತು.