ಚಾಲಿ, ರಾಶಿ ಮತ್ತು ದಪ್ಪ ಲೆಪ್ಟಾನ್

ಶಿರಸಿಯ ಅಡಿಕೆ ವಖಾರಿಗೆ ಹೊಸಬರು ಬಂದರೆ ಮೊದಲು ತಲೆ ಕೆಡುವುದು ಹೆಸರುಗಳಿಂದ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು. ಎಲ್ಲ ಒಂದೇ ಜಾತಿ ಮರದ್ದು! ಎಳೆ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ರಾಶಿ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಬಿಸಿಲಿಗೆ ಹರವಿ ಆಮೇಲೆ ಸುಲಿದರೆ ಚಾಲಿ. ತಕ್ಕಡಿಗೆ ಹಾಕುವುದು ರೇಟಿಗೆ, ಹೆಸರಿಗಲ್ಲ.

ಪರಮಾಣುವಿಗಿಂತ ಸಣ್ಣ ಕಣಗಳ ವಿಜ್ಞಾನಿಗಳು ಮಾತ್ರ ಶುರುವಿನಲ್ಲಿ ತೂಕ ನೋಡಿಯೇ ಹೆಸರಿಟ್ಟರು. ಗ್ರೀಕಿನಲ್ಲಿ ಲೆಪ್ಟೋಸ್ ಅಂದರೆ ಸಣಕಲು, ಮೆಸೋಸ್ ಅಂದರೆ ನಡುವಿನದು, ಬ್ಯಾರಿಸ್ ಅಂದರೆ ಭಾರ. ಎಲೆಕ್ಟ್ರಾನ್ ಲೆಪ್ಟಾನ್ ಆಯಿತು, ಪ್ರೋಟಾನ್ ಬ್ಯಾರಿಯಾನ್.

ಎಡವಟ್ಟಾಗಿದ್ದು ಮ್ಯೂಆನ್ ಅನ್ನುವ ಕಣದಿಂದ. 1936ರಲ್ಲಿ ಆಂಡರ್ಸನ್ ಮತ್ತು ನೆಡರ್‌ಮೇಯರ್ ಇದನ್ನು ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಲ್ಲಿ ಕಂಡರು. ತೂಕ ಎಲೆಕ್ಟ್ರಾನಿನ 207 ಪಟ್ಟು, ಪ್ರೋಟಾನಿಗಿಂತ ಕಮ್ಮಿ. ನಡುವಿನದು ತಾನೇ, ಅದಕ್ಕೇ ಮುಂದೆ ಮ್ಯೂ ಮೆಸಾನ್ ಅಂತ ಕರೆದರು. ಆದರೆ ಅದರ ನಡತೆ ಬೇರೆ. ಪರಮಾಣುವಿನ ನ್ಯೂಕ್ಲಿಯಸ್ಸನ್ನು ಹಿಡಿದಿಡುವ ಪ್ರಬಲ ಬಲ ಇದಕ್ಕೆ ತಾಗುವುದೇ ಇಲ್ಲ, ಥೇಟ್ ಎಲೆಕ್ಟ್ರಾನಿನ ಹಾಗೆ. ಇದನ್ನು ಆರ್ಡರ್ ಮಾಡಿದ್ದು ಯಾರು ಅಂತ ಭೌತವಿಜ್ಞಾನಿ ಇಸಿಡಾರ್ ರಾಬಿ ಕೇಳಿದರಂತೆ. ಅಂಗಳದಲ್ಲಿ ಅಡಿಕೆ ಹರವಿ ಅಂಗೈ ಚಾಚಿ ನೋಡಿ, ಹೆಚ್ಚುಕಡಿಮೆ ಸೆಕೆಂಡಿಗೊಂದು ಮ್ಯೂಆನ್ ಅದರ ಮೂಲಕ ತೂರಿ ಹೋಗುತ್ತಿರುತ್ತದೆ, ಗೊತ್ತೇ ಆಗಲ್ಲ.

ಕೊನೆಗೆ ಲೆಕ್ಕ ಬದಲಾಯಿತು. ದ್ರವ್ಯದ ಕಣಕ್ಕೆ ಪ್ರಬಲ ಬಲ ತಾಗದಿದ್ದರೆ ಲೆಪ್ಟಾನ್. ಕ್ವಾರ್ಕ್ ಅನ್ನುವ ಇನ್ನೂ ಮೂಲದ ಕಣಗಳು ಮೂರು ಸೇರಿದ್ದರೆ ಬ್ಯಾರಿಯಾನ್, ಒಂದು ಕ್ವಾರ್ಕ್ ಮತ್ತು ಅದರ ವಿರುದ್ಧ ಜಾತಿಯ ಒಂದು ಪ್ರತಿಕ್ವಾರ್ಕ್ ಜೋಡಿಯಾದರೆ ಮೆಸಾನ್. ಹೆಸರು ಮಾತ್ರ ಹಳೆಯದೇ ಉಳಿಯಿತು. ಹೀಗಾಗಿ 1975ರಲ್ಲಿ ಮಾರ್ಟಿನ್ ಪರ್ಲ್ ತಂಡಕ್ಕೆ ಸಿಕ್ಕ ಟೌ, ಪ್ರೋಟಾನಿನ ಸುಮಾರು 1.9 ಪಟ್ಟು ಭಾರ ಇದ್ದರೂ 'ಸಣಕಲು' ಮನೆತನದ್ದೇ. ಎರಡು ವರ್ಷದ ಮೇಲೆ ಸಿಕ್ಕ ಅಪ್ಸಿಲಾನ್ ಪ್ರೋಟಾನಿನ ಹತ್ತು ಪಟ್ಟು ತೂಗುತ್ತದೆ, ಆದರೂ 'ನಡುವಿನದು'. ನಗು ಬರುತ್ತೆ ಅಲ್ವಾ?

ನನಗೆ ಹಿಡಿಸಿದ್ದು ಬೋಸಾನ್ ಅನ್ನುವ ಹೆಸರು. ಇದು ಸ್ಪಿನ್, ಅಂದರೆ ಕಣಕ್ಕೆ ಹುಟ್ಟಾ ಇರುವ ತಿರುಗುವಿಕೆಯಂಥ ಗುಣ, ನೋಡಿ ಮಾಡುವ ಬೇರೆಯೇ ವಿಂಗಡಣೆ. ಸ್ಪಿನ್ 0, 1, 2 ಹೀಗೆ ಪೂರ್ಣಾಂಕ ಇದ್ದರೆ ಬೋಸಾನ್, ½ ಅಥವಾ 1½ ಅಂತಿದ್ದರೆ ಫರ್ಮಿಯಾನ್. ಸತ್ಯೇಂದ್ರನಾಥ ಬೋಸ್ ಅವರ ಹೆಸರನ್ನು ಇದಕ್ಕೆ ಇಟ್ಟವರು ಭೌತವಿಜ್ಞಾನಿ ಪಾಲ್ ಡಿರಾಕ್. ನಮ್ಮಲ್ಲಿ ಉಪ್ಪಿನಕಾಯಿಗೆ ಅನಂತಭಟ್ಟನ ಅಪ್ಪೆ ಅನ್ನುವ ಮಾವಿನ ಮಿಡಿ ಇಲ್ಲವೇ, ಹಾಗೆ. ತೂಕವೇ ಇಲ್ಲದ ಫೋಟಾನೂ ಬೋಸಾನೇ, ಪ್ರೋಟಾನಿನ 130 ಪಟ್ಟಿಗೂ ಜಾಸ್ತಿ ಭಾರದ ಹಿಗ್ಸೂ ಬೋಸಾನೇ. ಹೆಸರಿನಲ್ಲಿ ತೂಕದ ಸುದ್ದಿಯೇ ಇಲ್ಲ, ಯಾರೂ ತಕರಾರು ಎತ್ತುವಂತಿಲ್ಲ.